ಆಟದ ಋಣ

‘ಹೊಟ್ಟೆಗೆ ಹಿಟ್ಟಿಲ್ಲದಿದ್ದರೂ ಜುಟ್ಟಿಗೆ ಮಲ್ಲಿಗೆ ಹೂವು’ ಎಂಬ ಗಾದೆಯನ್ನು ಕೇಳದ ಕನ್ನಡಿಗರಿಲ್ಲ. ಮನೆಯ ಹಿರಿಯರು ಹುಡುಗರ ದುಂದುಗಾರಿಕೆಯನ್ನು ಕಂಡಾಗ ಆಡುವ ಮಾತು ಅದು. ನಾನೂ ಎಷ್ಟೋ ಸಲ ಆಡಿದ್ದೇನೆ. ತರಗತಿಯಲ್ಲಿ ಗಾದೆಗಳ ವಿಷಯ ಬಂದಾಗ ಅದರ ಚುರುಕನ್ನು ಕೊಂಡಾಡಿಯೂ ಇದ್ದೇನೆ. ಆದರೆ ಗಾದೆ ಇನ್ನೊಬ್ಬರ ಮೇಲೆ ಬಿದ್ದಾಗ ನಾವು ನಗುತ್ತೇವೆ. ನಮ್ಮ ಮೇಲೆ ಬಿದ್ದಾಗ ಮಾತ್ರವೇ ಅದರ ಅರ್ಥವನ್ನು ಕುರಿತು ಯೋಚಿಸುತ್ತೇವೆ. ಅಂಥ ಸಂದರ್ಭ ನನಗೆ ಈಚೆಗೆ ಒದಗಿತು.

ನಮ್ಮ ಕಾಲೇಜಿನ ಅಧ್ಯಾಪಕರ ಕೊಠಡಿಯಲ್ಲಿ ಮಧ್ಯಾಹ್ನದ ಕಾಫಿಯ ಹೊತ್ತು. ಅಫ್ಘಾನಿಸ್ತಾನದ ಶಾಲೆಗಳಲ್ಲಿ ಮಕ್ಕಳಿಗೋಸ್ಕರ ಕ್ರಿಕೆಟ್ ಪಿಚ್ಚುಗಳನ್ನು ಕಟ್ಟಿಸಿ, ಬ್ಯಾಟು ಚೆಂಡುಗಳನ್ನು ಹಂಚಿ, ಆಟ ಕಲಿಸಿದ ಒಂದು ಧರ್ಮಸಂಸ್ಥೆಯ ವೃತ್ತಾಂತವನ್ನು ನಾನು ಓದಿದ್ದೆ; ಅದನ್ನು ಉತ್ಸಾಹದಿಂದ ಹೇಳುತ್ತಿದ್ದೆ. ಚರಿತ್ರೆಯ ಅಧ್ಯಾಪಕರಾದ ನನ್ನ ಹಿರಿಯ ಮಿತ್ರರು ಲೋಟವನ್ನು ಕೆಳಗಿಟ್ಟು, “ಏನ್ರೀ ಮೇಷ್ಟ್ರೇ, ಹೊಟ್ಟೆಗೆ ಹಿಟ್ಟಿಲ್ಲದ ಮಕ್ಕಳ ಜುಟ್ಟಿಗೆ ಮಲ್ಲಿಗೆ ಮುಡಿಸಿ ಬಂದರು ಅನ್ನಿ!” ಎಂದರು. ಕೊಠಡಿಯೆಲ್ಲ ನಕ್ಕಿತು. ನಾನೂ ನಕ್ಕೆ. ಗಂಟೆ ಹೊಡೆಯಿತು, ಎಲ್ಲರೂ ತಂತಮ್ಮ ತರಗತಿಗಳಿಗೆ ಹೋದೆವು. ಆದರೆ ಆ ಮಾತು ನನ್ನ ಜೊತೆಯಲ್ಲೇ ಮನೆಗೆ ಬಂದಿತು.

ಮಿತ್ರರ ಮಾತಿನಲ್ಲಿ ಹುರುಳಿಲ್ಲವೆ? ಖಂಡಿತ ಇದೆ. 1979ರ ಕೊನೆಯಲ್ಲಿ ಸೋವಿಯತ್ ಸೈನ್ಯ ಆ ದೇಶವನ್ನು ಹೊಕ್ಕಿತು. ಹತ್ತು ವರ್ಷ ಹೋರಾಡಿ ಅದು ಹಿಂದಿರುಗಿದ ಮೇಲೆ ಅಣ್ಣತಮ್ಮಂದಿರೇ ಬಡಿದಾಡಿಕೊಂಡರು. 1996ರಲ್ಲಿ ತಾಲಿಬಾನರು ಕಾಬೂಲನ್ನು ಹಿಡಿದರು. 2001ರಲ್ಲಿ ಅಮೆರಿಕೆಯ ಸೈನ್ಯ ಅವರನ್ನು ಇಳಿಸಿತು. 2021ರ ಆಗಸ್ಟಿನಲ್ಲಿ ಅವರೇ ಮತ್ತೆ ಬಂದು ಕುಳಿತರು. ಈ ನಡುವೆ ಒಂದು ಕಾಲಕ್ಕೆ ಪಾಕಿಸ್ತಾನವೊಂದರಲ್ಲೇ 30 ಲಕ್ಷಕ್ಕೂ ಹೆಚ್ಚು ಅಫ್ಘನ್ ನಿರಾಶ್ರಿತರಿದ್ದರು. ಹೊಲದಲ್ಲಿ ಹೂತಿಟ್ಟ ಸಿಡಿಗುಂಡಿಗೆ ಕಾಲು ಕಳೆದುಕೊಂಡ ಮಕ್ಕಳು, ಚಳಿಗಾಲಕ್ಕೆ ಹೊದಿಕೆಯಿಲ್ಲದ ಮಕ್ಕಳು, ಲಸಿಕೆ ಕಾಣದ ಮಕ್ಕಳು. ಇವರ ಮುಂದೆ ಬ್ಯಾಟನ್ನು ಹಿಡಿದು ನಿಲ್ಲುವವನಿಗೆ ನಾಚಿಕೆಯಾಗಬೇಡವೆ? ಒಂದು ಪಿಚ್ಚಿಗೆ ಸುರಿದ ಸಿಮೆಂಟಿನ ಹಣದಲ್ಲಿ ಎಷ್ಟು ಮಕ್ಕಳಿಗೆ ರೊಟ್ಟಿ ಸಿಕ್ಕುತ್ತಿತ್ತು? ಲೆಕ್ಕ ಹಾಕುವ ಮನುಷ್ಯ ಈ ಪ್ರಶ್ನೆಯನ್ನು ಕೇಳಿಯೇ ಕೇಳುತ್ತಾನೆ, ಕೇಳಬೇಕಾದದ್ದೂ ನ್ಯಾಯ.

ಉತ್ತರಕ್ಕೆ ಹೋಗುವ ಮೊದಲು ನಡೆದದ್ದೇನೆಂಬುದನ್ನು ತಿಳಿಯಬೇಕು. ಅಫ್ಘನ್ ಮಕ್ಕಳಿಗೆ ಕ್ರಿಕೆಟನ್ನು ಮೊದಲು ಕೊಟ್ಟವರು ದಾನಿಗಳಲ್ಲ. 1839ರಲ್ಲಿ ಕಾಬೂಲಿಗೆ ದಂಡೆತ್ತಿ ಬಂದ ಇಂಗ್ಲಿಷ್ ಸೈನಿಕರು ಅಲ್ಲಿ ಆ ಆಟವನ್ನು ಆಡಿದ್ದುಂಟು. ಅವರ ಸಂಗಡವೇ ಅದೂ ಗಂಟು ಕಟ್ಟಿತು. ಮತ್ತೆ ಅದು ಅಫ್ಘನ್ನರ ಕೈಗೆ ಬಂದದ್ದು ಪೇಷಾವರದ ಸುತ್ತಿನ ನಿರಾಶ್ರಿತರ ಶಿಬಿರಗಳಲ್ಲಿ. ಗುಡಾರಗಳ ನಡುವಣ ಧೂಳಿನಲ್ಲಿ, ನೆರೆಯ ಊರಿನ ಹುಡುಗರು ಆಡುವುದನ್ನು ನೋಡಿ ನೋಡಿ, ಈ ಮಕ್ಕಳೂ ಕಲಿತರು. 1992ರಲ್ಲಿ ಪಾಕಿಸ್ತಾನ ವಿಶ್ವಕಪ್ಪನ್ನು ಗೆದ್ದಾಗ ಆ ಹುಚ್ಚು ಇನ್ನಷ್ಟು ಹಬ್ಬಿತು. ಕಚಾ ಗಢಿ ಎಂಬ ಶಿಬಿರದಲ್ಲಿ ತಾಜ್ ಮಲಿಕ್ ಎಂಬಾತ ಹುಡುಗರನ್ನು ಸೇರಿಸಿ ತಂಡ ಕಟ್ಟಿದ. 1995ರಲ್ಲಿ ಅಫ್ಘನ್ ಕ್ರಿಕೆಟ್ ಒಕ್ಕೂಟ ಹುಟ್ಟಿತು. ನೆಟ್ಟಗೆ ಒಂದು ದೇಶವಾಗಿ ನಿಲ್ಲಲಾರದಿದ್ದ ದೇಶಕ್ಕೆ ಒಂದು ತಂಡವಾಯಿತು.

ಧರ್ಮಸಂಸ್ಥೆಗಳು ಬಂದದ್ದು ಇದಾದ ಮೇಲೆ. ಸಾರಾ ಫೇನ್ ಎಂಬ ಇಂಗ್ಲಿಷ್ ವೈದ್ಯೆ 2002ರಲ್ಲಿ ‘ಅಫ್ಘನ್ ಕನೆಕ್ಷನ್’ ಎಂಬ ಸಂಸ್ಥೆಯನ್ನು ಸ್ಥಾಪಿಸಿದರು. ಮೊದಲು ಆಕೆ ಮಾಡಿದ್ದು ಔಷಧೋಪಚಾರದ ಕೆಲಸ, ಆಮೇಲೆ ಶಾಲೆಗಳನ್ನು ಕಟ್ಟಿಸುವ ಕೆಲಸ, ಕ್ರಿಕೆಟ್ಟು ಮೂರನೆಯದು. ಲಂಡನ್ನಿನ ಹಳೆಯ ಎಂ.ಸಿ.ಸಿ. ಕ್ಲಬ್ಬು ಆಕೆಯ ಜೊತೆಗೂಡಿತು. ಶಾಲೆಯ ಅಂಗಳದಲ್ಲಿ ಕಾಂಕ್ರೀಟಿನ ಪಿಚ್ಚು, ಒಂದಷ್ಟು ಬ್ಯಾಟು, ಚೆಂಡು, ಕಲಿಸುವುದಕ್ಕೆ ಅಲ್ಲಿಯವರೇ ಆದ ತರಬೇತುದಾರರು. ಹುಡುಗರಿಗೆ ಮಾತ್ರವಲ್ಲ, ಸಾಧ್ಯವಾದೆಡೆ ಹುಡುಗಿಯರಿಗೂ. ಶಿಬಿರದಲ್ಲಿ ಬೆಳೆದು ದೇಶದ ತಂಡಕ್ಕೆ ಆಡಿದ ರಯೀಸ್ ಅಹ್ಮದ್‌ಜಾಯ್ ಕೂಡ ಮಕ್ಕಳಿಗೆ ಆಟ ಕಲಿಸುವ ಒಂದು ಸಂಸ್ಥೆಯನ್ನು ಕಟ್ಟಿದರು. ಆದುದರಿಂದ, ಹಸಿದ ಮಗುವಿನ ಕೈಗೆ ಪರದೇಶದವರು ತಮಗೆ ತೋಚಿದ ಆಟಿಕೆಯನ್ನು ತುರುಕಿ ಹೋದರು ಎಂಬ ಚಿತ್ರ ಸರಿಯಲ್ಲ. ಮಗು ಆಗಲೇ ಕೋಲು ಹಿಡಿದು ಆಡುತ್ತಿತ್ತು. ಬಂದವರು ಕೋಲನ್ನು ತೆಗೆದುಕೊಂಡು ಬ್ಯಾಟನ್ನು ಕೊಟ್ಟರು. ಏನು ಬೇಕೆಂದು ಕೇಳದೆ ಕೊಡುವುದಕ್ಕೂ, ಬೇಡುತ್ತಿದ್ದುದನ್ನು ಕಂಡು ಕೊಡುವುದಕ್ಕೂ ವ್ಯತ್ಯಾಸವಿದೆ.

ಆದರೂ ಇದು ಮಿತ್ರರ ಪ್ರಶ್ನೆಗೆ ಪೂರ್ತಿ ಉತ್ತರವಲ್ಲ. ಮಗು ಬೇಡಿದ್ದೆಲ್ಲ ಅದಕ್ಕೆ ಬೇಕಾದದ್ದೇ ಆಗಿರುವುದಿಲ್ಲ. ಇಂಥ ಕಡೆ ಹಳಬರು ಏನು ಹೇಳಿದ್ದಾರೆ ಎಂದು ನೋಡುವುದು ಕನ್ನಡ ಮೇಷ್ಟರ ಅಭ್ಯಾಸ. ನಮ್ಮ ಜೈನ ಕವಿಗಳು ದಾನವನ್ನು ನಾಲ್ಕು ಬಗೆಯಾಗಿ ಎಣಿಸಿದರು: ಆಹಾರ, ಔಷಧ, ಶಾಸ್ತ್ರ, ಅಭಯ. ಉಣಬಡಿಸುವುದು, ರೋಗ ಕಳೆಯುವುದು, ಅರಿವು ಕೊಡುವುದು, ಅಂಜಿಕೆ ತೊಲಗಿಸುವುದು. ಹತ್ತನೆಯ ಶತಮಾನದ ಅತ್ತಿಮಬ್ಬೆ ‘ದಾನಚಿಂತಾಮಣಿ’ ಎನಿಸಿಕೊಂಡವಳು. ಪೊನ್ನನ ಶಾಂತಿಪುರಾಣದ ಸಾವಿರ ಪ್ರತಿಗಳನ್ನು ಬರೆಯಿಸಿ ಆಕೆ ಹಂಚಿದಳೆಂಬುದು ಪ್ರಸಿದ್ಧ. ಆ ಕಾಲದಲ್ಲಿ ನಾಡಿನಲ್ಲಿ ಹಸಿದವರಿರಲಿಲ್ಲವೆ? ಇದ್ದೇ ಇದ್ದರು. ‘ತಾಯಿ, ಈ ಸಾವಿರ ಕಟ್ಟು ಓಲೆಗೆ ಹಾಕುವ ಹಣದಲ್ಲಿ ಎಷ್ಟು ಜನಕ್ಕೆ ಊಟವಾಗುತ್ತಿತ್ತು!’ ಎಂದು ಆಗಲೂ ಒಬ್ಬ ಲೆಕ್ಕಿಗ ಹೇಳಿದ್ದರೆ ಆತನ ಲೆಕ್ಕ ಸರಿಯಾಗಿಯೇ ಇರುತ್ತಿತ್ತು. ಆಕೆ ಆ ಮಾತನ್ನು ಕೇಳಿದ್ದರೆ ನಮಗೆ ಅತ್ತಿಮಬ್ಬೆ ಇರುತ್ತಿರಲಿಲ್ಲ. ನಾಲ್ಕು ದಾನಗಳನ್ನು ಎಣಿಸಿದವರು ಮೊದಲನೆಯದು ಮುಗಿದ ಮೇಲೆಯೇ ಎರಡನೆಯದು ಎಂದು ಹೇಳಲಿಲ್ಲ; ನಾಲ್ಕನ್ನೂ ಒಟ್ಟಿಗೆ ಇಟ್ಟರು. ಮನುಷ್ಯನ ಹಸಿವು ಒಂದೇ ಬಗೆಯದಲ್ಲವೆಂದು ಅವರಿಗೆ ಗೊತ್ತಿತ್ತು.

ಹಾಗಾದರೆ ಆಟ ಈ ನಾಲ್ಕರಲ್ಲಿ ಯಾವುದು? ‘ಆಟವೂ ಒಂದು ವಿದ್ಯೆ’ ಎಂದು ಶಾಸ್ತ್ರದಾನದ ಪಕ್ಕಕ್ಕೆ ತಳ್ಳುವುದು ಸುಲಭ. ಇಂಥ ಕೆಲಸಕ್ಕೆ ಹಣ ಕೂಡಿಸುವವರು ಸಾಮಾನ್ಯವಾಗಿ ಹೇಳುವುದೂ ಇದನ್ನೇ: ಆಟದಿಂದ ಶಿಸ್ತು ಬರುತ್ತದೆ, ಒಗ್ಗಟ್ಟು ಬರುತ್ತದೆ, ಹುಡುಗ ಬಂದೂಕು ಹಿಡಿಯುವುದು ತಪ್ಪುತ್ತದೆ, ಶಾಲೆಗೆ ಬರುವ ಮಕ್ಕಳು ಹೆಚ್ಚುತ್ತಾರೆ. ಇವೆಲ್ಲ ನಿಜವಿರಬಹುದು. ಆದರೆ ಈ ವಾದದಲ್ಲಿ ನನಗೆ ಒಂದು ಮುಜುಗರವಿದೆ. ನಮ್ಮ ಬೀದಿಯ ಮಕ್ಕಳು ಸಂಜೆ ಆಡುತ್ತಾರೆ. ‘ನಿನಗೆ ಇದರಿಂದ ಯಾವ ಸದ್ಗುಣ ಬರುತ್ತಿದೆ?’ ಎಂದು ನಾವು ಅವರನ್ನು ಕೇಳುತ್ತೇವೆಯೆ? ನನ್ನ ಮಗ ಅಂಗಳದಲ್ಲಿ ಚೆಂಡನ್ನು ಬಡಿದು ಕಿಟಕಿಯ ಗಾಜು ಒಡೆದಾಗ ನಾನು ಬೈದದ್ದುಂಟು. ಆಟದ ಪ್ರಯೋಜನವನ್ನು ಸ್ಥಾಪಿಸು ಎಂದು ಕೇಳಿದ್ದಿಲ್ಲ. ಉಂಡು ಉಟ್ಟವರ ಮಗು ಸುಮ್ಮನೆ ಆಡಬಹುದು. ಇಲ್ಲದವರ ಮಗು ಮಾತ್ರ ತನ್ನ ಸಂತೋಷಕ್ಕೆ ಅರ್ಜಿ ಬರೆದು, ಕಾರಣ ತೋರಿಸಿ, ರುಜು ಹಾಕಬೇಕು. ಇದು ಯಾವ ನ್ಯಾಯ? ಬಡತನ ಅನ್ನವನ್ನು ಕಸಿದುಕೊಂಡದ್ದು ಸಾಲದೆಂದು, ಕಾರಣವಿಲ್ಲದೆ ನಗುವ ಹಕ್ಕನ್ನೂ ನಾವು ಕಸಿದುಕೊಳ್ಳಬೇಕೆ?

ನನಗನ್ನಿಸುವಂತೆ ಆಟ ಸೇರಬೇಕಾದದ್ದು ನಾಲ್ಕನೆಯದಕ್ಕೆ, ಅಭಯಕ್ಕೆ. ಹೆದರಿದ ಮಗು ಉಣ್ಣಬಲ್ಲದು. ಹೆದರಿದ ಮಗು ಮದ್ದು ಕುಡಿಯಬಲ್ಲದು, ಪಾಠವನ್ನೂ ಒಪ್ಪಿಸಬಲ್ಲದು. ಹೆದರಿದ ಮಗು ಆಡಲಾರದು. ಬೆನ್ನ ಹಿಂದೆ ಏನಾಗುತ್ತಿದೆಯೆಂಬುದನ್ನು ಮರೆತು, ಬರುವ ಚೆಂಡಿನ ಮೇಲೆ ಕಣ್ಣಿಡಬೇಕಾದರೆ ಬೆನ್ನ ಹಿಂದಿನ ಲೋಕವನ್ನು ಅಷ್ಟು ಹೊತ್ತಾದರೂ ನಂಬಬೇಕು. ಕಾಬೂಲಿನ ಘಾಜಿ ಕ್ರೀಡಾಂಗಣದಲ್ಲಿ 1990ರ ದಶಕದ ಕೊನೆಯಲ್ಲಿ ಜನರನ್ನು ನೆರೆಯಿಸಿ ಮರಣದಂಡನೆ ಕೊಡುತ್ತಿದ್ದರು. ಆಟದ ಬಯಲು ವಧಾಸ್ಥಾನವಾಗಿದ್ದ ಊರು ಅದು. ಅಂಥ ಊರಿನಲ್ಲಿ ಮಕ್ಕಳು ಮತ್ತೆ ಬಯಲಿಗೆ ಓಡಿಬರುವುದೆಂದರೆ ಬರಿಯ ವಿನೋದವಲ್ಲ. ಆ ಅಭಯವಾದರೂ ಎಷ್ಟು ತೆಳುವಾದದ್ದು ಎಂಬುದನ್ನೂ ಮರೆಯಬಾರದು. 2018ರ ಮೇ 18ರ ರಾತ್ರಿ, ರಂಜಾನ್ ಮಾಸದಲ್ಲಿ, ಜಲಾಲಾಬಾದಿನ ಕ್ರೀಡಾಂಗಣದಲ್ಲಿ ಪಂದ್ಯ ನೋಡಲು ನೆರೆದಿದ್ದ ಜನರ ನಡುವೆ ಬಾಂಬುಗಳು ಸಿಡಿದು ಎಂಟು ಜನ ಸತ್ತರು. ಜನ ಮತ್ತೆ ಪಂದ್ಯಕ್ಕೆ ಬಂದರು. ಅಭಯವೆಂದರೆ ಅಪಾಯವಿಲ್ಲದಿರುವುದಲ್ಲ, ಅಪಾಯ ಮನಸ್ಸನ್ನು ಪೂರ್ತಿ ನುಂಗದಿರುವುದು ಎಂದು ಅವರನ್ನು ನೋಡಿ ಅರಿಯಬೇಕು.

ಇಲ್ಲಿಗೆ ನನ್ನ ವಾದ ಗೆದ್ದಿತೆಂದು ನಾನು ನಿಲ್ಲಿಸಬಹುದಾಗಿತ್ತು. ಆದರೆ ದಾನದ ವಿಚಾರದಲ್ಲಿ ಕೊಟ್ಟದ್ದೇನು ಎಂಬುದು ಅರ್ಧ ಪ್ರಶ್ನೆ. ಕೊಟ್ಟವನು ಎಲ್ಲಿ ನಿಂತ ಎಂಬುದು ಇನ್ನರ್ಧ. ನಮ್ಮ ಶರಣರು ದಾನವೆಂಬ ಮಾತನ್ನು ಬದಿಗಿಟ್ಟು ದಾಸೋಹವೆಂಬ ಮಾತನ್ನು ಹಿಡಿದದ್ದು ಸುಮ್ಮನೆ ಅಲ್ಲ. ದಾನದಲ್ಲಿ ಕೊಡುವ ಕೈ ಮೇಲೆ, ಕೊಳ್ಳುವ ಕೈ ಕೆಳಗೆ. ದಾಸೋಹದಲ್ಲಿ ಕೊಡುವವನೇ ದಾಸ. ದಾನ ಪಡೆದ ಮಗು ಬ್ಯಾಟು ಹಿಡಿದು ನಗುತ್ತಿರುವ ಚಿತ್ರವನ್ನು ದಾನಿಗಳ ಊರಿನಲ್ಲಿ ಅಚ್ಚು ಹಾಕಿಸುತ್ತಾರೆ. ಹಣ ಕೂಡಿಸಬೇಕಲ್ಲ! ಆ ನಗೆ ನಿಜವಾದದ್ದೇ. ಆದರೆ ಚಿತ್ರ ನೋಡಿ ಕಣ್ಣು ಒರಸಿಕೊಳ್ಳುವವರ ಮನಸ್ಸಿನಲ್ಲಿ ಒಂದು ಸಣ್ಣ ಮೇಲುಗೈ ಇರುತ್ತದೆ. ಆಟದ ವಿಶೇಷವೆಂದರೆ ಅದು ಈ ಮೇಲುಗೈಯನ್ನು ಬಹಳ ದಿನ ಉಳಿಯಗೊಡುವುದಿಲ್ಲ.

ಇದು ನನಗೆ ಪುಸ್ತಕದಿಂದ ತಿಳಿದದ್ದಲ್ಲ, ನಮ್ಮ ಬೆಂಗಳೂರಿನಲ್ಲೇ ತಿಳಿದದ್ದು. ಅಫ್ಘಾನಿಸ್ತಾನಕ್ಕೆ 2017ರಲ್ಲಿ ಟೆಸ್ಟ್ ಪಂದ್ಯಗಳನ್ನಾಡುವ ಮಾನ್ಯತೆ ಸಿಕ್ಕಿತಷ್ಟೆ. ಅದರ ಮೊಟ್ಟಮೊದಲ ಟೆಸ್ಟ್ ಪಂದ್ಯ ನಡೆದದ್ದು 2018ರ ಜೂನ್ 14ರಿಂದ, ಚಿನ್ನಸ್ವಾಮಿ ಕ್ರೀಡಾಂಗಣದಲ್ಲಿ. ಜಲಾಲಾಬಾದಿನಲ್ಲಿ ಬಾಂಬು ಸಿಡಿದು ಆಗ ಇನ್ನೂ ತಿಂಗಳು ತುಂಬಿರಲಿಲ್ಲ. ಎರಡನೆಯ ದಿನ ನಾನು ನೋಡಲು ಹೋಗಿದ್ದೆ. ಮೊದಲ ದಿನ ಊಟದ ವಿರಾಮಕ್ಕೆ ಮುಂಚೆಯೇ ಶಿಖರ್ ಧವನ್ ನೂರು ಹೊಡೆದಿದ್ದರು. ಭಾರತದ ಮೊತ್ತ 474ಕ್ಕೆ ಮುಟ್ಟಿತು. ಅಫ್ಘನ್ನರು 109ಕ್ಕೆ ಉರುಳಿದರು. ಮತ್ತೆ ಆಡಲು ಬಂದರು. ವಿಕೆಟ್ಟುಗಳು ಮತ್ತೆ ಬೀಳತೊಡಗಿದವು. ನನ್ನ ಪಕ್ಕದಲ್ಲಿ ಕುಳಿತಿದ್ದ ವೃದ್ಧರೊಬ್ಬರು, “ಪಾಪ ಕಣ್ರೀ, ಎಲ್ಲೆಲ್ಲಿಂದಲೋ ಬಂದಿದ್ದಾರೆ. ನಮ್ಮವರು ಸ್ವಲ್ಪ ನಿಧಾನವಾಗಿ ಬೋಲ್ ಮಾಡಬಾರದೆ?” ಎಂದರು. ನನ್ನ ಮನಸ್ಸಿನಲ್ಲೂ ಅದೇ ಇತ್ತು. ಆದರೆ ಮಾತಾಗಿ ಕೇಳಿದೊಡನೆ ಅದು ಸರಿಯಲ್ಲವೆನಿಸಿತು.

ನಿಧಾನವಾಗಿ ಎಸೆದಿದ್ದರೆ? ಬೇಕೆಂದೇ ಒಂದೆರಡು ಕ್ಯಾಚು ಬಿಟ್ಟಿದ್ದರೆ? ಅಫ್ಘನ್ನರು ಇನ್ನೊಂದು ದಿನ ಆಡಿರುತ್ತಿದ್ದರು. ನಾವು ಚಪ್ಪಾಳೆ ತಟ್ಟಿ, ನಮ್ಮ ಔದಾರ್ಯಕ್ಕೆ ನಾವೇ ಮೆಚ್ಚಿ ಮನೆಗೆ ಹೋಗಿರುತ್ತಿದ್ದೆವು. ಅದಕ್ಕಿಂತ ದೊಡ್ಡ ಅವಮಾನವನ್ನು ಅವರಿಗೆ ಮಾಡಲು ಸಾಧ್ಯವಿರಲಿಲ್ಲ. ಶಿಬಿರದ ಧೂಳಿನಿಂದ ಅವರು ಅಷ್ಟು ದೂರ ಬಂದದ್ದು ‘ಪಾಪ’ ಎನಿಸಿಕೊಳ್ಳುವುದಕ್ಕಲ್ಲ. ಎರಡನೆಯ ಸಲ ಅವರು 103ಕ್ಕೆ ಮುಗಿದರು. ಹಷ್ಮತುಲ್ಲಾ ಶಹೀದಿ 36 ಓಟ ಮಾಡಿ ಔಟಾಗದೆ ಉಳಿದ. ಇನ್ನಿಂಗ್ಸ್ ಮತ್ತು 262 ಓಟಗಳ ಸೋಲು, ಅದೂ ಎರಡೇ ದಿನದಲ್ಲಿ. ಆಮೇಲೆ ನಮ್ಮ ನಾಯಕ ಅಜಿಂಕ್ಯ ರಹಾನೆ, ಗೆದ್ದ ತಂಡ ಟ್ರೋಫಿಯೊಡನೆ ನಿಂತು ಚಿತ್ರ ತೆಗೆಸಿಕೊಳ್ಳುವಾಗ, ಸೋತವರನ್ನೂ ಕರೆದು ಜೊತೆಗೆ ನಿಲ್ಲಿಸಿಕೊಂಡರು. ಪತ್ರಿಕೆಗಳು ಈ ಎರಡನೆಯದನ್ನು ಹೊಗಳಿದವು, ಹೊಗಳತಕ್ಕದ್ದೇ. ಆದರೆ ಮೊದಲನೆಯದು ಇಲ್ಲದೆ ಎರಡನೆಯದಕ್ಕೆ ಬೆಲೆಯಿರುತ್ತಿರಲಿಲ್ಲ. ಪೂರ್ತಿ ಬಲದಿಂದ ಎದುರಿಸಿದವನು ಮಾತ್ರವೇ ಆಮೇಲೆ ಕೈಹಿಡಿದು ಪಕ್ಕದಲ್ಲಿ ನಿಲ್ಲಿಸಿಕೊಳ್ಳಬಲ್ಲ. ಅಂದು ಔಟಾಗದೆ ಉಳಿದ ಶಹೀದಿ 2021ರಲ್ಲಿ ಜಿಂಬಾಬ್ವೆಯ ಮೇಲೆ ಇನ್ನೂರು ಹೊಡೆದ. ಟೆಸ್ಟಿನಲ್ಲಿ ಇನ್ನೂರು ಮುಟ್ಟಿದ ಮೊದಲ ಅಫ್ಘನ್ ಆತ.

2023ರ ಅಕ್ಟೋಬರ್ 15ರಂದು ದೆಹಲಿಯಲ್ಲಿ ಆತನ ನಾಯಕತ್ವದಲ್ಲೇ ಅಫ್ಘಾನಿಸ್ತಾನ ವಿಶ್ವಕಪ್ಪಿನ ಪಂದ್ಯವೊಂದರಲ್ಲಿ ಇಂಗ್ಲೆಂಡನ್ನು 69 ಓಟಗಳಿಂದ ಸೋಲಿಸಿತು. ಪಿಚ್ಚು ಕಟ್ಟಿಸಿಕೊಟ್ಟ ಕ್ಲಬ್ಬಿನ ದೇಶವೇ ಇಂಗ್ಲೆಂಡು! ಅನ್ನ ಉಂಡವನು ಅನ್ನವಿಟ್ಟವನನ್ನು ಸೋಲಿಸಿದರೆ ಲೋಕ ಕೃತಘ್ನ ಎನ್ನುತ್ತದೆ. ಆಟ ಕಲಿತವನು ಕಲಿಸಿದವನನ್ನು ಸೋಲಿಸಿದರೆ ಕಲಿಸಿದವನೇ ಎದ್ದು ನಿಂತು ಚಪ್ಪಾಳೆ ತಟ್ಟಬೇಕು. ಕೊಳ್ಳುವವನು ಕೊಟ್ಟವನ ಸಮಕ್ಕೆ ನಿಂತು, ಒಂದು ದಿನ ಮೀರಿಯೂ ಹೋಗಬಹುದಾದ ದಾನ ಇದಲ್ಲದೆ ವಿದ್ಯಾದಾನ ಒಂದೇ ಎಂದು ತೋರುತ್ತದೆ.

ಅದೇ ವಿಶ್ವಕಪ್ಪಿನ ಕೊನೆಯಲ್ಲಿ ಇನ್ನೊಂದು ಸಂಗತಿ ನಡೆಯಿತು. ದೀಪಾವಳಿಯ ಸಮಯ, ಅಹಮದಾಬಾದಿನಲ್ಲಿ ಬೆಳಗಿನ ಜಾವಕ್ಕೆ ಮುಂಚೆ ರಹಮಾನುಲ್ಲಾ ಗುರ್ಬಾಜ್ ಎಂಬ ಅಫ್ಘನ್ ಆಟಗಾರ ಬೀದಿಯ ಬದಿಯಲ್ಲಿ ಮಲಗಿದ್ದ ಬಡವರ ಪಕ್ಕದಲ್ಲಿ ಸದ್ದಿಲ್ಲದೆ ಒಂದಿಷ್ಟು ನೋಟುಗಳನ್ನಿಟ್ಟು ಹೋದ. ಯಾರನ್ನೂ ಎಬ್ಬಿಸಲಿಲ್ಲ. ದೂರದಲ್ಲಿದ್ದ ಯಾರೋ ಚಿತ್ರ ಹಿಡಿದದ್ದರಿಂದ ಲೋಕಕ್ಕೆ ಗೊತ್ತಾಯಿತು. ಯುದ್ಧದ ನಾಡಿನಿಂದ ಬಂದವನು ನಮ್ಮ ಹಬ್ಬದ ದಿನ ನಮ್ಮ ಬಡವರಿಗೆ ಕೊಟ್ಟ. ಅದನ್ನು ನೆನೆದು ನಾವು ಸ್ವಲ್ಪ ತಲೆತಗ್ಗಿಸಬೇಕಾದದ್ದೂ ಇದೆ. ನನ್ನ ಮನಸ್ಸಿಗೆ ನಾಟಿದ್ದು ಆತ ಎಬ್ಬಿಸಲಿಲ್ಲವೆಂಬುದು. ಎದ್ದವನು ಕೈಮುಗಿಯಬೇಕಾಗುತ್ತಿತ್ತು. ಕೈಮುಗಿಯುವ ಕಷ್ಟವನ್ನು ಕೊಡದೆ ಕೊಡುವುದನ್ನು ಆ ಹುಡುಗ ಹೇಗೋ ಕಲಿತಿದ್ದ.

ಇಷ್ಟನ್ನೂ ನಾನು ಒಂದು ದಿನ ತರಗತಿಯಲ್ಲಿ, ದಾನದ ಪ್ರಸ್ತಾಪ ಬಂದಾಗ, ಸ್ವಲ್ಪ ವಿಸ್ತಾರವಾಗಿಯೇ ಹೇಳಿದೆ. ಹಿಂದಿನ ಬೆಂಚಿನ ಒಬ್ಬ ಹುಡುಗಿ ಎದ್ದು ನಿಂತು, “ಸರ್, ಆ ಪಿಚ್ಚುಗಳ ಮೇಲೆ ಈಗ ಹುಡುಗಿಯರು ಆಡ್ತಾರಾ?” ಎಂದು ಕೇಳಿದಳು.

ಆಡುವುದಿಲ್ಲ. 2020ರ ನವೆಂಬರಿನಲ್ಲಿ ಅಫ್ಘನ್ ಕ್ರಿಕೆಟ್ ಮಂಡಳಿ 25 ಮಂದಿ ಆಟಗಾರ್ತಿಯರೊಡನೆ ಒಪ್ಪಂದ ಮಾಡಿಕೊಂಡಿತು. ವರ್ಷ ತುಂಬುವ ಮೊದಲೇ ತಾಲಿಬಾನರು ಬಂದರು. ಆರನೆಯ ತರಗತಿಯ ಮೇಲೆ ಹುಡುಗಿಯರಿಗೆ ಶಾಲೆಯ ಬಾಗಿಲು ಮುಚ್ಚಿತು. 2022ರ ಡಿಸೆಂಬರಿನಲ್ಲಿ ವಿಶ್ವವಿದ್ಯಾಲಯದ ಬಾಗಿಲೂ ಮುಚ್ಚಿತು. ಆಟಗಾರ್ತಿಯರಲ್ಲಿ ಬಹಳ ಮಂದಿ ದೇಶ ಬಿಟ್ಟು ಆಸ್ಟ್ರೇಲಿಯ ಸೇರಿದರು. ಅವರು ಒಂದು ತಂಡವಾಗಿ ಒಂದು ಪಂದ್ಯ ಆಡಲು 2025ರ ಜನವರಿ 30ರವರೆಗೆ ಕಾಯಬೇಕಾಯಿತು. ಆಡಿದ್ದು ಮೆಲ್ಬರ್ನಿನಲ್ಲಿ, ತಮ್ಮ ದೇಶದಿಂದ ಸಾವಿರಾರು ಮೈಲಿ ದೂರದಲ್ಲಿ. ಅತ್ತ ಗಂಡಸರ ತಂಡ ಮಾತ್ರ ಗೆಲ್ಲುತ್ತ ಹೋಯಿತು. 2024ರಲ್ಲಿ ಆಸ್ಟ್ರೇಲಿಯವನ್ನೂ ಸೋಲಿಸಿ ಟಿ-20 ವಿಶ್ವಕಪ್ಪಿನ ಸೆಮಿಫೈನಲ್ ಮುಟ್ಟಿತು. ಬೀದಿಬೀದಿಯಲ್ಲಿ ಜನ ಕುಣಿದರು. ಕಿಟಕಿಯ ಹಿಂದಿನಿಂದ ಆ ಸಂಭ್ರಮದ ಸದ್ದನ್ನು ಕೇಳಿದ ಹುಡುಗಿಯರೂ ಇದ್ದಿರಬೇಕು. ಅವರಲ್ಲಿ ಕೆಲವರು ಒಂದು ಕಾಲಕ್ಕೆ ಶಾಲೆಯ ಅಂಗಳದಲ್ಲಿ ಬ್ಯಾಟು ಹಿಡಿದಿದ್ದವರು.

ಹಾಗಿದ್ದರೆ ಆ ತಂಡದೊಡನೆ ಲೋಕ ಆಡಬೇಕೆ? ಈ ಪ್ರಶ್ನೆಯ ಮುಂದೆ ನನ್ನ ಹಿಂದಿನ ಉತ್ಸಾಹವೆಲ್ಲ ಕುಗ್ಗುತ್ತದೆ. ಆಡಕೂಡದು ಎನ್ನುವವರ ಮಾತು ಬಲವಾದದ್ದು: ಅರ್ಧ ಜನರನ್ನು ಮನೆಯೊಳಗೆ ಕೂಡಿಹಾಕಿದ ಆಳ್ವಿಕೆಗೆ ಈ ಗೆಲುವುಗಳು ಹೂಮಾಲೆಯಾಗುತ್ತವೆ. ಆಡಬೇಕು ಎನ್ನುವವರ ಮಾತೂ ಹಗುರವಲ್ಲ: ಆ ಹುಡುಗರು ಕಾನೂನು ಮಾಡಿದವರಲ್ಲ, ಆ ನಾಡಿನಲ್ಲಿ ಉಳಿದಿರುವ ಒಂದೇ ಸಂತೋಷವನ್ನೂ ಕಿತ್ತುಕೊಂಡರೆ ಹುಡುಗಿಯರಿಗೆ ಶಾಲೆ ತೆರೆಯುವುದೆ? 2024ರ ಡಿಸೆಂಬರಿನಲ್ಲಿ ಹೆಣ್ಣುಮಕ್ಕಳ ವೈದ್ಯಕೀಯ ಶಿಕ್ಷಣವನ್ನೂ ನಿಲ್ಲಿಸಿದಾಗ ರಶೀದ್ ಖಾನ್ ಬಹಿರಂಗವಾಗಿ ಅದನ್ನು ವಿರೋಧಿಸಿದ. ಅಲ್ಲಿಯವನಾಗಿ ಹಾಗೆ ಮಾತಾಡುವುದಕ್ಕೆ ಎದೆ ಬೇಕು; ಆ ಮಾತನ್ನು ಲೋಕ ಕಿವಿಗೊಟ್ಟು ಕೇಳಿದ್ದು ಆತ ಆಟಗಾರನಾಗಿದ್ದುದರಿಂದ. ಆಸ್ಟ್ರೇಲಿಯ 2021ರಲ್ಲಿ ಟೆಸ್ಟ್ ಪಂದ್ಯವನ್ನು ಮುಂದಕ್ಕೆ ಹಾಕಿತು, 2023ರ ಮಾರ್ಚಿನಲ್ಲಿ ಆಡಬೇಕಾಗಿದ್ದ ಸರಣಿಯಿಂದ ಹಿಂದೆ ಸರಿಯಿತು. ಆದರೆ ಅದೇ ವರ್ಷದ ನವೆಂಬರಿನಲ್ಲಿ ಮುಂಬಯಿಯಲ್ಲಿ ವಿಶ್ವಕಪ್ಪಿಗಾಗಿ ಅದೇ ತಂಡದ ಎದುರು ಆಡಿತು. ಅಂಕ ಬಿಟ್ಟುಕೊಡಬೇಕಾದಲ್ಲಿ ಧರ್ಮ ಸ್ವಲ್ಪ ಸಡಿಲವಾಗುತ್ತದೆಂದು ಕಾಣುತ್ತದೆ. ಹಾಗೆಂದು ಅವರನ್ನು ನಗುವಷ್ಟು ಗಟ್ಟಿಯಾದ ನೆಲದ ಮೇಲೆ ನಾವೂ ನಿಂತಿಲ್ಲ.

ಈ ಇಕ್ಕಟ್ಟಿನಲ್ಲಿ ನನಗೆ ದಾರಿ ತೋರಿದ ಮಾತು ‘ಋಣ’. ಅನ್ನದ ಋಣ, ನೀರಿನ ಋಣ ಎಂದು ನಾವು ಆಡುತ್ತೇವೆ. ನಮ್ಮ ಬಳಕೆಯಲ್ಲಿ ಋಣ ಬೀಳುವುದು ಪಡೆದವನ ಮೇಲೆ. ಉಂಡ ಮನೆಗೆ ಎರಡು ಬಗೆಯಬಾರದು. ಆದರೆ ಆಟದ ಲೆಕ್ಕ ಬೇರೆ. ಅನ್ನವಿಟ್ಟವನು ಎದ್ದು ಹೋಗಬಹುದು. ಅನ್ನ ತನ್ನ ಕೆಲಸವನ್ನು ತಾನು ಮಾಡುತ್ತದೆ. ಆಟವನ್ನು ಕೊಟ್ಟು ಎದ್ದು ಹೋಗುವಂತಿಲ್ಲ. ಬ್ಯಾಟು ಹಿಡಿದ ಮಗುವಿಗೆ ಚೆಂಡು ಎಸೆಯುವವರು ಬೇಕು. ಎದುರು ತಂಡ ಬೇಕು. ನಾಳೆಯೂ ಬಯಲು ತೆರೆದಿರುತ್ತದೆಂಬ ಭರವಸೆ ಬೇಕು. ಆಟ ಕೊಡುವುದೆಂದರೆ ‘ನಾನು ಎದುರಿಗೆ ನಿಲ್ಲುತ್ತೇನೆ’ ಎಂದು ಮಾತು ಕೊಟ್ಟಂತೆ. ಆದಕಾರಣ ಇಲ್ಲಿ ಋಣ ಬೀಳುವುದು ಕೊಟ್ಟವನ ಮೇಲೆ.

ಹೀಗೆ ನೋಡಿದರೆ ಗಂಡುಮಕ್ಕಳಿಗೆ ಕೊಟ್ಟ ಮಾತನ್ನು ಹಿಂತೆಗೆಯಬೇಕೆಂದು ನನಗೆ ಅನ್ನಿಸುವುದಿಲ್ಲ. ಆದರೆ ಹೆಣ್ಣುಮಕ್ಕಳಿಗೂ ಅದೇ ಮಾತನ್ನು ಕೊಟ್ಟಿದೆ. ಪೂರ್ಣ ಸದಸ್ಯತ್ವ ಪಡೆಯುವ ದೇಶದಲ್ಲಿ ಮಹಿಳಾ ಕ್ರಿಕೆಟ್ಟಿನ ವ್ಯವಸ್ಥೆಯೂ ಇರಬೇಕೆಂಬುದು ಅಂತಾರಾಷ್ಟ್ರೀಯ ಮಂಡಳಿಯ ನಿಯಮವೇ. 2017ರಲ್ಲಿ ಅಫ್ಘನ್ನರಿಗೆ ಆ ಸ್ಥಾನವನ್ನು ಕೊಟ್ಟಾಗ ಮಂಡಳಿ ಆ ನಿಯಮದತ್ತ ಕಣ್ಣು ಮುಚ್ಚಿತು. ಅಂದರೆ ಸಾಲದ ಪತ್ರಕ್ಕೆ ರುಜು ಹಾಕಿ ಮರೆಯಿತು. ದೇಶ ಬಿಟ್ಟ ಆಟಗಾರ್ತಿಯರಿಗೆ ಹಣದ ಮತ್ತು ತರಬೇತಿಯ ನೆರವು ಕೊಡುವುದಾಗಿ ಅದು 2025ರ ಏಪ್ರಿಲಿನಲ್ಲಿ ಸಾರಿತು. ಭಾರತ, ಇಂಗ್ಲೆಂಡ್, ಆಸ್ಟ್ರೇಲಿಯದ ಮಂಡಳಿಗಳೂ ಕೈಜೋಡಿಸಿದವು. ಒಳ್ಳೆಯದೇ. ಆದರೆ ಅದನ್ನು ಔದಾರ್ಯವೆಂದು ಕರೆಯಬಾರದು. ಅದು ತಡವಾಗಿ ತೀರಿಸುತ್ತಿರುವ ಬಾಕಿ, ಅದೂ ಅಸಲಿನದಲ್ಲ, ಬಡ್ಡಿಯದು. ಆ ಹುಡುಗಿಯರು ತಮ್ಮ ದೇಶದ ಹೆಸರಿನಲ್ಲಿ, ಇನ್ನೊಂದು ದೇಶದ ತಂಡದೆದುರು ಹೋಗಿ ನಿಲ್ಲುವವರೆಗೆ ಅಸಲು ಹಾಗೆಯೇ ಉಳಿದಿರುತ್ತದೆ.

ಇನ್ನು ಮಲ್ಲಿಗೆಯ ಮಾತು. ಹಾಸನದ ಕಡೆಯ ನಮ್ಮ ಊರಿನಲ್ಲಿ, ನಾನು ಚಿಕ್ಕವನಾಗಿದ್ದಾಗ, ನಮ್ಮ ಅಜ್ಜಿ ತೀರ ಬಡತನದಲ್ಲಿ ಸಂಸಾರ ಮಾಡಿದವರು. ಹುಡುಗರಾದ ನಮ್ಮ ಬ್ಯಾಟು ತೆಂಗಿನ ಮಟ್ಟೆಯದು, ಚೆಂಡು ಹಳೆಯ ಬಟ್ಟೆಯ ಉಂಡೆ. ಅಂಥ ಮನೆಯಲ್ಲೂ ಹಬ್ಬದ ದಿನ ಅಜ್ಜಿ ಹಿತ್ತಲಿನ ಬಳ್ಳಿಯಿಂದ ಹೂ ಬಿಡಿಸಿ, ಬಾಳೆಯ ನಾರಿನಲ್ಲಿ ಕಟ್ಟಿ, ನನ್ನ ಅಕ್ಕಂದಿರಿಗೆ ಮುಡಿಸದೆ ಬಿಡುತ್ತಿರಲಿಲ್ಲ. ಅಂದು ಹಿಟ್ಟು ಸಾಲದೆ ಅಂಬಲಿ ತೆಳ್ಳಗಾಗಿದ್ದುದೂ ಉಂಟು. ಅಜ್ಜಿಗೂ ಆ ಗಾದೆ ಬರುತ್ತಿತ್ತು. ನಮ್ಮ ದೊಡ್ಡಪ್ಪ ಸಾಲ ಮಾಡಿ ಕೈಗಡಿಯಾರ ಕೊಂಡಾಗ ಅದನ್ನು ಆಡಿದ್ದನ್ನು ನಾನೇ ಕೇಳಿದ್ದೇನೆ. ಮಕ್ಕಳ ವಿಷಯದಲ್ಲಿ ಮಾತ್ರ ಎಂದೂ ಆಡಲಿಲ್ಲ. ಗಾದೆ ಬೈಯುವುದು ಬಡಾಯಿಯನ್ನು, ಬಡ ಮಗುವಿನ ಹಬ್ಬವನ್ನಲ್ಲ ಎಂಬ ವಿವೇಕ ಓದು ಬಾರದ ಆಕೆಗಿತ್ತು.

ಇದನ್ನೆಲ್ಲ ಮೊನ್ನೆ ಚರಿತ್ರೆಯ ಮಿತ್ರರಿಗೆ ಹೇಳಿದೆ. ಅವರು ತಾಳ್ಮೆಯಿಂದ ಕೇಳಿದರು. ಅಜ್ಜಿಯ ಕಥೆಗೆ ತಲೆದೂಗಿದರು. “ಆಗಲಿ ಮೇಷ್ಟ್ರೇ, ನನ್ನ ಗಾದೆ ಹಿಂದಕ್ಕೆ ತಗೊಂಡೆ” ಎಂದರು. ಕಾಫಿ ಮುಗಿಸಿ, ಹಾಜರಿ ಪುಸ್ತಕವನ್ನು ಕಂಕುಳಿಗೆ ಸೇರಿಸಿ ಬಾಗಿಲವರೆಗೆ ಹೋದವರು ಅಲ್ಲೇ ನಿಂತು ಹಿಂದಿರುಗಿ ನೋಡಿದರು.

“ಜುಟ್ಟಿಗೇನೋ ಹೂವಾಯಿತು. ಜಡೆಗೆ?”